ಪ್ಲಾಟ್‌ಫಾರಂ ಯಾವ ಕಡೆ ಎಂದು ಹೇಳುತ್ತಿದ್ದವರು

ಆ ಬುಧವಾರ ಬೆಳಿಗ್ಗೆ ಏಳು ಗಂಟೆ ನಲವತ್ತೊಂದು ನಿಮಿಷಕ್ಕೆ ನಾನು ನಿಂತಿದ್ದುದು ಮೈಸೂರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ, ಹಿಂದಿನಿಂದ ಮೂರನೆಯ ಬೋಗಿಯಲ್ಲಿ, ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ. ಎಡಬಾಗಿಲು ನನ್ನಿಂದ ಎರಡು ಹೆಜ್ಜೆ, ಬಲಬಾಗಿಲು ಮೂರು ಹೆಜ್ಜೆ. ಇಲ್ಲಿ ಎಡ ಬಲ ಎಂದು ನಾನು ಬರೆಯುವುದೆಲ್ಲ ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತವನ ಎಡ ಬಲ. ಕೋರ್ಟಿನ ದಲಾಯತರು ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದರು. ಎಡಗಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದ್ದರು. ಕಾರ್ತಿಕದ ಮಂಜು ದಟ್ಟವಾಗಿತ್ತು, ಬಾಗಿಲಿನಾಚೆ ಕಬ್ಬಿನ ಗದ್ದೆಯ ಮೊದಲ ಸಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಿಲ್ದಾಣ ಬರುವುದಕ್ಕೆ ಅರ್ಧ ನಿಮಿಷ ಮೊದಲು ಅವರು "ಬಲ" ಎಂದರು. ಒಂದೇ ಸಲ ಎಂದರು, ಸ್ಪಷ್ಟವಾಗಿ ಎಂದರು.

ಇದನ್ನು ಎಲ್ಲಕ್ಕಿಂತ ಮೊದಲು ಬರೆದಿಡುತ್ತಿದ್ದೇನೆ. ಆ ಬೋಗಿಯಲ್ಲಿ ಓಡಾಡಿದವರು ಇವತ್ತಿಗೂ ಅವರನ್ನು ನೆನೆಯುವುದು ಬೇರೆ ರೀತಿಯಲ್ಲಿ: ಅವರು ಅಂದು "ಎಡ" ಎಂದರು, ಅವರ ಮಾತು ನಂಬಿ ಒಬ್ಬ ಹೆಂಗಸು ಹಳಿಯ ಕಡೆ ಇಳಿದು ಬಿದ್ದರು. ಪೊಲೀಸರ ಕಾಗದದಲ್ಲೂ ಹಾಗೆಯೇ ಇದೆ. ಆ ಕಾಗದದ ಕೆಳಗೆ ನನ್ನ ಸಹಿಯೂ ಇದೆ. ಹೋದ ತಿಂಗಳು ಅವರು ತೀರಿಕೊಂಡರು.

ಮೈಸೂರಿನಿಂದ ಬೆಳಿಗ್ಗೆ ಹೊರಡುವ ನಮ್ಮ ಗಾಡಿಯಲ್ಲಿ ಎರಡು ಜಾತಿಯ ಜನ ಇರುತ್ತಿದ್ದರು. ಬಿಡದಿ, ಕೆಂಗೇರಿ, ಬೆಂಗಳೂರಿನ ಅಂಚಿನ ಕಾರ್ಖಾನೆಗಳವರೆಗೆ ಹೋಗುವವರು ಒಂದು. ಅವರು ಹತ್ತಿದ ಕೂಡಲೇ ಕರ್ಚೀಫು ಹಾಸಿ ಸೀಟು ಹಿಡಿದು ನಿದ್ದೆ ಹೋಗುತ್ತಿದ್ದರು. ಮಂಡ್ಯದ ಒಳಗೇ ಇಳಿದುಬಿಡುವ ನಮ್ಮಂಥವರು ಇನ್ನೊಂದು. ನಾವು ಬಾಗಿಲ ಬಳಿ ನಿಲ್ಲುವವರು. ನಾನು ಮಂಡ್ಯದಲ್ಲಿ ಭೂಮಾಪನ ಇಲಾಖೆಯಲ್ಲಿದ್ದೆ. ಅವರು ಅಲ್ಲಿಯ ಒಂದು ಕೋರ್ಟಿನಲ್ಲಿ ದಲಾಯತರಾಗಿದ್ದರು. ಕಕ್ಷಿದಾರರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗುವ ಕೆಲಸ. ಬಿಳಿ ಸಮವಸ್ತ್ರ ಸುಕ್ಕಾಗಬಾರದೆಂದು ಒಂದು ರಟ್ಟಿನ ಮೇಲೆ ಮಡಿಸಿ ಚೀಲದಲ್ಲಿ ತರುತ್ತಿದ್ದರು. ಆ ಚೀಲವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ನೆಲದ ಮೇಲೂ ಇಡುತ್ತಿರಲಿಲ್ಲ.

ಗಾಡಿಯಲ್ಲಿ ಅವರಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಕೊಟ್ಟಿದ್ದಲ್ಲ. ಪ್ರತಿ ನಿಲ್ದಾಣ ಬರುವ ಮುಂಚೆ ಪ್ಲಾಟ್‌ಫಾರಂ ಯಾವ ಕಡೆಗೆ ಬರುತ್ತದೆಂದು ಹೇಳುತ್ತಿದ್ದರು. ಎಡ, ಅಥವಾ ಬಲ. ಅಷ್ಟೇ.

ಇದರ ಉಪಯೋಗ ಆ ಗಾಡಿಯಲ್ಲಿ ಓಡಾಡದವರಿಗೆ ಗೊತ್ತಾಗುವುದಿಲ್ಲ. ಗಾಡಿಗಳು ಎಡಗಡೆಯ ಹಳಿಯಲ್ಲಿ ಹೋಗುವುದರಿಂದ ನಮ್ಮ ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಸಾಮಾನ್ಯವಾಗಿ ಎಡಕ್ಕೆ ಬರುತ್ತದೆ. ಆದರೆ ಹಿಂದೆ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕಾದಾಗಲೋ, ಎಡಬದಿಯಲ್ಲಿ ಗೂಡ್ಸ್ ಗಾಡಿ ನಿಂತಿದ್ದಾಗಲೋ ನಮ್ಮನ್ನು ಆಚೆ ಬದಿಯ ಹಳಿಗೆ ತಿರುಗಿಸುತ್ತಾರೆ. ಆಗ ಪ್ಲಾಟ್‌ಫಾರಂ ಬಲಕ್ಕೆ. ಗಾಡಿ ನಿಲ್ಲುವುದು ಒಂದು ನಿಮಿಷ. ಸೊಪ್ಪಿನ ಬುಟ್ಟಿ, ಹಾಲಿನ ಕ್ಯಾನು ಇಟ್ಟುಕೊಂಡವರು ಎಡಬಾಗಿಲಲ್ಲಿ ಕಾದು, ನಿಂತ ಮೇಲೆ ಜನರ ನಡುವೆ ನುಗ್ಗಿ ಬಲಬಾಗಿಲಿಗೆ ಹೋಗುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಅರ್ಧ ನಿಮಿಷ ಮೊದಲೇ ಗೊತ್ತಾದರೆ ಎಲ್ಲ ಸಲೀಸು.

ಅವರು ಹೊರಗೆ ಇಣುಕುತ್ತಿರಲಿಲ್ಲ. ಅದು ನನಗೆ ಮೊದಲು ಕಂಡ ವಿಚಿತ್ರ. ಸಿಗ್ನಲ್ ನೋಡಿ ಹೇಳುತ್ತೀರಾ ಎಂದು ಒಮ್ಮೆ ಒಬ್ಬ ಉಪನ್ಯಾಸಕರು ಕೇಳಿದರು. ದಲಾಯತರಿಗೆ ಸಿಟ್ಟು ಬಂತು. "ಸಿಗ್ನಲ್ ನೋಡಿ ಹೇಳೋಕೆ ನಾನ್ಯಾಕೆ ಬೇಕು ಸಾರ್, ನೀವೇ ನೋಡ್ಕೊಳ್ಳಿ" ಎಂದವರು ಮಂಡ್ಯ ಬರುವವರೆಗೂ ಉಪನ್ಯಾಸಕರ ಕಡೆ ತಿರುಗಲಿಲ್ಲ. ಅವರಿಗೆ ಆ ವಿಷಯದಲ್ಲಿ ಜಂಬವಿತ್ತು. ತಾವು ಹೇಳುವ ಮುಂಚೆ ಯಾರಾದರೂ ಬಾಗಿಲಿನಿಂದ ತಲೆ ಹೊರಗೆ ಹಾಕಿದರೆ ಮುಖ ಗಂಟಿಕ್ಕುತ್ತಿದ್ದರು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ.

"ಕೂತ್ರೆ ಕಾಲಿಗೆ ಗೊತ್ತಾಗಲ್ಲ" ಎನ್ನುತ್ತಿದ್ದರು.

ಬೋಗಿಯಲ್ಲಿ ಅವರನ್ನು ರೇಗಿಸುವುದು ದಿನದ ಕಾಫಿಯಂತೆ. "ಏನ್ ದಲಾಯತ್ರೇ, ಇವತ್ತೇನು ತೀರ್ಪು?" ಎಂದು ಒಬ್ಬರು ಕೇಳಿದರೆ, "ಅಪೀಲ್ ಹೋಗ್ತೀರೇನ್ರೀ?" ಎಂದು ಇವರು ಕೇಳುತ್ತಿದ್ದರು. ಒಂದು ದಿನ ಮಂಡಿ ಮೊಹಲ್ಲಾದ ಅನ್ವರ್ ಸಾಬರು ಪಂಥ ಕಟ್ಟಿಯೇಬಿಟ್ಟರು. ಅನ್ವರ್ ಸಾಬರದು ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಅವರೂ ಬಾಗಿಲ ಬಳಿಯವರೇ. ತಮ್ಮ ಟವೆಲ್ಲನ್ನು ದಲಾಯತರ ಕಣ್ಣಿಗೆ ಎರಡು ಸುತ್ತು ಕಟ್ಟಿ, ಮುಖವನ್ನು ಶೌಚಾಲಯದ ಗೋಡೆಗೆ ತಿರುಗಿಸಿ ನಿಲ್ಲಿಸಿದರು. ನಾಗನಹಳ್ಳಿಯಿಂದ ಮಂಡ್ಯದವರೆಗೆ ಒಂದೂ ತಪ್ಪಲಿಲ್ಲ. ಟವೆಲ್ ಬಿಚ್ಚಿಸಿಕೊಂಡು ಅವರು ಹೇಳಿದ್ದು ನನಗೆ ನೆನಪಿದೆ.

"ಅಲ್ಲಿ ಮೂರ್ಮೂರು ಸಲ ಕೂಗ್ತೀನಿ ಸಾಬ್ರೇ, ಒಬ್ಬನೂ ಬರಲ್ಲ. ಇಲ್ಲಿ ಒಂದ್ಸಲ ಅಂದ್ರೆ ಊರೇ ಇಳೀತದೆ. ಯಾವ್ದು ದೊಡ್ಡ ಕೋರ್ಟು ಹೇಳಿ."

ಅಳತೆ ನನ್ನ ಕಸುಬು. ಅಂದಾಜಿನಲ್ಲಿ ಇಷ್ಟು ನಿಖರತೆ ಹೇಗೆ ಬರುತ್ತದೆಂಬ ಕುತೂಹಲ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಕೊನೆಗೆ ನೇರವಾಗಿ ಕೇಳಿದೆ. ಬೇರೆಯವರಿಗೆ ಹೇಳದ್ದನ್ನು ನನಗೆ ಹೇಳಿದರು. ಏಕೆ ಹೇಳಿದರೋ ಗೊತ್ತಿಲ್ಲ. ಬಹುಶಃ ನಾನು ನಗದೆ ಕೇಳಿದ್ದಕ್ಕೆ ಇರಬೇಕು.

ನಿಲ್ದಾಣಕ್ಕೆ ಮುಂಚೆ ಹಳಿ ಕವಲೊಡೆಯುವ ಜಾಗವೊಂದಿರುತ್ತದೆ. ಗಾಡಿ ನೇರ ಹೋದರೆ ಅಲ್ಲಿ ಚಕ್ರಗಳ ಬಡಿತ ಒಂದೇ ಸಮ. ತಿರುಗಿದರೆ ನೆಲ ಒಂದು ಕಡೆಗೆ ಜಗ್ಗುತ್ತದೆ. ಆ ಜಗ್ಗುವಿಕೆ ಬಹಳ ಸಣ್ಣದು, ಮಾತಾಡುತ್ತ ನಿಂತವರಿಗೆ ತಿಳಿಯುವಂಥದ್ದಲ್ಲ. ಯಾವ ನಿಲ್ದಾಣದಲ್ಲಿ ಯಾವ ಕಡೆ ಜಗ್ಗಿದರೆ ಯಾವ ಪ್ಲಾಟ್‌ಫಾರಂ ಎಂಬುದು ಅವರಿಗೆ ಬಾಯಿಪಾಠ.

"ಶೂ ಬಿಚ್ಚಿ ಸಾರ್" ಎಂದರು. ಬಿಚ್ಚಿದೆ. "ಹಿಮ್ಮಡಿ ಮೇಲೆ ನಿಲ್ಬೇಡಿ. ಹೆಬ್ಬೆಟ್ಟಿನ ಬುಡ ಐತಲ್ಲ, ಅಲ್ಲಿ ಭಾರ ಬುಡಿ. ಗಾಡಿ ಬಲಕ್ಕೆ ತಿರುಗಿದ್ರೆ ಮೈ ಎಡಕ್ಕೆ ಓಯ್ತದೆ. ಮೈ ಮಾತು ಕೇಳ್ಬೇಡಿ, ಕಾಲಿನ ಮಾತು ಕೇಳಿ."

ನನ್ನ ಕಾಲಿಗೆ ನಡುಕ ಬಿಟ್ಟು ಏನೂ ಕೇಳಿಸಲಿಲ್ಲ. ಆದರೂ ಬಿಡಲಿಲ್ಲ. ಆರು ತಿಂಗಳು ದಿನಾ ಅವರ ಪಕ್ಕದಲ್ಲಿ ಒಂದು ಕಾಲು ಬರಿಗಾಲಾಗಿ ನಿಂತೆ. ಮನಸ್ಸಿನಲ್ಲೇ ಎಡವೋ ಬಲವೋ ಎಂದು ಹೇಳಿಕೊಂಡು, ಅವರ ಬಾಯಿಂದ ಏನು ಬರುತ್ತದೆಂದು ಕಾಯುತ್ತಿದ್ದೆ. ಬಲ ಬಂದ ದಿನ ಪ್ರತಿ ಸಲವೂ ನಾನು ತಪ್ಪುತ್ತಿದ್ದೆ.

ಆ ಬುಧವಾರ ಹಾಗಾಗಲಿಲ್ಲ. ಮಂಡ್ಯಕ್ಕೆ ಮುಂಚಿನ ಒಂದು ಸಣ್ಣ ನಿಲ್ದಾಣ. ಅದರ ಹೆಸರು ಬರೆಯುವುದಿಲ್ಲ, ಅಲ್ಲಿಯವರ ತಪ್ಪೇನೂ ಇಲ್ಲ. ಕವಲು ಬಂತು. ನೆಲ ಬಲಕ್ಕೆ ಜಗ್ಗಿದ್ದು ಮೊದಲ ಬಾರಿಗೆ ನನ್ನ ಅಂಗಾಲಿಗೆ ತಿಳಿಯಿತು. ಬಲ ಎಂದುಕೊಂಡೆ. ಸರಿಯೋ ತಪ್ಪೋ ಎಂದು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು "ಬಲ" ಎಂದರು. ನನಗಾದ ಸಂತೋಷ ಎಷ್ಟೆಂದರೆ ನಾನು ಅನ್ವರ್ ಸಾಬರ ಕಡೆ ತಿರುಗಿ ನಕ್ಕೆ. ಅವರು ಏನೆಂದು ತಿಳಿಯದೆ ತಾವೂ ನಕ್ಕರು. ಹಾಗಾಗಿ ಆ ಶಬ್ದದ ಬಗ್ಗೆ ನನಗೆ ಸಂಶಯವಿಲ್ಲ.

ಆ ನಿಲ್ದಾಣದಲ್ಲಿ ನಮ್ಮ ಬೋಗಿಯಿಂದ ಇಳಿಯುತ್ತಿದ್ದವರು ಒಬ್ಬರೇ, ಕುಂಬಾರಕೊಪ್ಪಲಿನ ಪುಟ್ಟತಾಯಮ್ಮ. ಅಲ್ಲಿಂದ ಅರ್ಧ ಮೈಲಿ ದೂರದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಅಡುಗೆಯವರು. ಒಬ್ಬರೇ ಇಳಿಯುವ ಕಡೆ ದಲಾಯತರು ಕೋರ್ಟಿನ ದನಿ ತೆಗೆಯುತ್ತಿರಲಿಲ್ಲ, ಪಕ್ಕದವರಿಗೆ ಹೇಳುವಂತೆ ಹೇಳುತ್ತಿದ್ದರು. ಒಳಗೆ ಸೀಟಿನಲ್ಲಿದ್ದವರಿಗೆ ಅದು ಕೇಳಿಸಿರಲಿಕ್ಕಿಲ್ಲ. ಬಾಗಿಲ ಬಳಿ ಇದ್ದವರು ನಾವು ನಾಲ್ವರು. ಪುಟ್ಟತಾಯಮ್ಮ ಎಡಬಾಗಿಲಲ್ಲಿ ಕಂಬಿ ಹಿಡಿದು ನಿಂತಿದ್ದರು. ಅವರ ಅಕ್ಕ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಅಂದೇ ಮತ್ತೆ ಕೆಲಸಕ್ಕೆ ಹೊರಟಿದ್ದರು.

ಗಾಡಿ ನಿಂತಿತು. ಅವರು ಎಡಕ್ಕೆ ಕಾಲಿಟ್ಟರು. ಬಗ್ಗಿ ನೋಡಲಿಲ್ಲ, ತಡೆಯಲಿಲ್ಲ. ಕೆಳಗೆ ಪ್ಲಾಟ್‌ಫಾರಂ ಇದೆಯೆಂದು ನಂಬಿದವರು ಹೇಗೆ ಇಡುತ್ತಾರೋ ಹಾಗೆ ಇಟ್ಟರು. ಅಲ್ಲಿದ್ದದ್ದು ನಾಲ್ಕು ಅಡಿ ಕೆಳಗೆ ಜಲ್ಲಿಕಲ್ಲು, ಅದರಾಚೆ ಎಕ್ಸ್‌ಪ್ರೆಸ್ಸಿಗಾಗಿ ಖಾಲಿ ಬಿಟ್ಟ ಹಳಿ.

ದಲಾಯತರು ಆ ಸಮವಸ್ತ್ರದ ಚೀಲವನ್ನು ನೆಲಕ್ಕೆ ಎಸೆದು ಒಂದೇ ಕಾಲಿನ ಚಪ್ಪಲಿಯಲ್ಲಿ ಹಾರಿದರು. ಪುಟ್ಟತಾಯಮ್ಮನ ಪಾದ ಹಿಂದುಮುಂದಾಗಿ ತಿರುಗಿತ್ತು. ದಲಾಯತರು ಅವರನ್ನು ಕೆಳಗಿನಿಂದ ಎತ್ತಿದರು. ನಾನು ಹೊಟ್ಟೆಯ ಮೇಲೆ ಮಲಗಿ ಎರಡು ತೋಳು ಹಿಡಿದೆ. ಅನ್ವರ್ ಸಾಬರು ನನ್ನ ಕಾಲು ಹಿಡಿದು ಹಿಂದಕ್ಕೆಳೆದರು. ಹಾರ್ನು ಕೇಳಿಸಿತು. ದಲಾಯತರು ಕೊನೆಗೆ ಹತ್ತಿದರು. ಎಕ್ಸ್‌ಪ್ರೆಸ್ ಹಾದುಹೋದಾಗ ನಾವು ನಾಲ್ವರೂ ಬೋಗಿಯ ನೆಲದ ಮೇಲೆ ಬಿದ್ದಿದ್ದೆವು. ಅನ್ವರ್ ಸಾಬರು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡಿದ್ದರು. ಅವರು ಹೇಳುವ ಪ್ರಕಾರ ಬಿದ್ದಾಗಿನಿಂದ ಎಕ್ಸ್‌ಪ್ರೆಸ್ ಬರುವವರೆಗೆ ಐವತ್ತು ಸೆಕೆಂಡು.

ಪುಟ್ಟತಾಯಮ್ಮನನ್ನು ಬಲಬಾಗಿಲಿನಿಂದ ಇಳಿಸಿ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಮಲಗಿಸಿದೆವು. ಸ್ಟೇಷನ್ ಮಾಸ್ಟರು ಆಂಬುಲೆನ್ಸಿಗೆ ಫೋನು ಮಾಡಿದರು. ನಮ್ಮ ಗಾಡಿ ಹೊರಟುಹೋಯಿತು. ನಾವು ಮೂವರು ಉಳಿದೆವು. ಗಾಡಿಯಲ್ಲಿ ಕಾವಲಿಗಿದ್ದ ರೈಲ್ವೆ ಪೊಲೀಸರೊಬ್ಬರೂ ಇಳಿದಿದ್ದರು. ವಯಸ್ಸಾದವರು, ಒರಟರಲ್ಲ. ಪುಸ್ತಕ ತೆಗೆದು ಬರೆಯಲು ಕೂತರು. ಪ್ಲಾಟ್‌ಫಾರಂ ಒಂದು ಕಡೆ, ಇಳಿದದ್ದು ಇನ್ನೊಂದು ಕಡೆ. ಇಳಿದ ಹಳಿಯಲ್ಲಿ ಎಕ್ಸ್‌ಪ್ರೆಸ್ ಬರುವುದಿತ್ತು. ಊಟದ ಬುಟ್ಟಿಯನ್ನು ಗಾಡಿಯಲ್ಲೇ ಬಿಟ್ಟಿದ್ದರು. ಅಷ್ಟರಲ್ಲಿ ಸೇರಿದ್ದ ಗುಂಪಿನಲ್ಲಿ ಯಾರೋ ಕನಿಕರದಿಂದಲೇ, "ಪಾಪ, ಅಕ್ಕ ಸತ್ತಾಗಿನಿಂದ ಊಟ ಬುಟ್ಬುಟ್ಟಿದ್ರು" ಎಂದರು. ಪೊಲೀಸರ ಪೆನ್ನು ನಿಂತಿತು.

"ಬಿದ್ದಿದ್ದೋ, ಹಾರಿದ್ದೋ?" ಎಂದು ಅವರು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು.

ನಿಜ ಹೇಳಬೇಕೆಂದರೆ ನನಗೂ ಆ ಕ್ಷಣ ಗೊತ್ತಿರಲಿಲ್ಲ. ಹಾರಿದ್ದು ಎಂದು ಕಾಗದಕ್ಕೆ ಬಂದರೆ ಏನಾಗುತ್ತದೆಂಬುದು ಮಾತ್ರ ನಮ್ಮೆಲ್ಲರಿಗೂ ಗೊತ್ತಿತ್ತು. ಗಾಡಿಗೆ ಹಾರಲು ಹೋದ ಹೆಂಗಸನ್ನು ಇನ್ನೂರು ಹೆಣ್ಣುಮಕ್ಕಳ ಅಡುಗೆಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

"ನಾನು ಎಡ ಅಂದೆ ಸಾರ್" ಎಂದರು ದಲಾಯತರು.

ಪೊಲೀಸರು ತಲೆ ಎತ್ತಿದರು. "ನೀವು ಯಾರು ಅದನ್ನ ಹೇಳೋಕೆ? ರೈಲ್ವೆಯವರಾ?"

"ಅಲ್ಲ ಸಾರ್. ಸುಮ್ನೆ ಹೇಳ್ತೀನಿ. ದಿನಾ ಹೇಳ್ತೀನಿ. ನಾನ್ ಹೇಳಿದ್ ಕಡೆ ಎಲ್ಲಾ ಇಳೀತಾರೆ. ಇವತ್ತು ತಪ್ಪು ಹೇಳ್ದೆ. ಈ ತಾಯಿ ನನ್ ಮಾತು ನಂಬಿ ಇಳುದ್ರು."

"ಇದನ್ನ ಎಲ್ಲಿ ಬರ್ಕೊಳ್ಳಲಿ? ಇದಕ್ಕೆ ಕಾಲಮ್ಮೇ ಇಲ್ಲ."

"ಕೊನೇಲಿ 'ಇತರೆ' ಅಂತ ಇರ್ತದೆ ನೋಡಿ ಸಾರ್. ಅಲ್ಲಿ ಬರೀರಿ." ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿದ್ದವರಿಗೆ ಕಾಗದದ ಜಾಗಗಳೆಲ್ಲ ಗೊತ್ತಿದ್ದವು.

ಬೆಂಚಿನ ಮೇಲಿದ್ದ ಪುಟ್ಟತಾಯಮ್ಮ ನೋವಿನ ನಡುವೆಯೇ ಕಣ್ಣು ಬಿಟ್ಟು, "ಇಲ್ಲ ಕಣಣ್ಣ, ನೀನು..." ಎಂದು ಶುರು ಮಾಡಿದರು.

"ನೀನು ಸುಮ್ಕಿರವ್ವ. ಕಾಲು ಅಲ್ಲಾಡಿಸ್ಬೇಡ" ಎಂದು ಅವರು ತಡೆದರು. ನಂತರ ನನ್ನ ಕಡೆ ತಿರುಗಿದರು. "ಸಾರ್ ಪಕ್ಕದಲ್ಲೇ ಇದ್ರು. ಕೇಳಿ ಬೇಕಾದ್ರೆ."

ಅವರು ನನ್ನನ್ನು ಬೇಡಿಕೊಳ್ಳುವಂತೆ ನೋಡಲಿಲ್ಲ. ಕಾಲಿನ ಪಾಠ ಹೇಳುವಾಗ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು. ಮೂವತ್ತು ವರ್ಷ ಇಂಚಿನ ಲೆಕ್ಕದಲ್ಲಿ ಗಡಿಕಲ್ಲು ಗುರುತಿಸಿದವನು ನಾನು. ಒಂದು ಗೆರೆ ಆಚೀಚೆಯಾದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. "ಹೌದು, ಎಡ ಅಂದ್ರು" ಎಂದೆ. ಸಹಿ ಹಾಕಿದೆ. ಅನ್ವರ್ ಸಾಬರು ಒಂದು ಕ್ಷಣ ನನ್ನ ಮುಖ ನೋಡಿ, ಅದರ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. "ತಪ್ಪು ತಿಳಿವಳಿಕೆಯಿಂದ ಆಕಸ್ಮಿಕವಾಗಿ ಬಿದ್ದದ್ದು" ಎಂದು ಪೊಲೀಸರು ಬರೆದು ಮುಗಿಸಿದರು. ಹೊರಡುವಾಗ ದಲಾಯತರಿಗೆ, "ಇನ್ಮೇಲೆ ಈ ಚಾಳಿ ಬಿಟ್ಬಿಡಿ" ಎಂದರು.

ನಾನು ದಲಾಯತರನ್ನು ಅದರ ಬಗ್ಗೆ ಕೇಳಿದ್ದು ಅದೇ ಸಂಜೆ, ಮೈಸೂರು ನಿಲ್ದಾಣದ ಮೆಟ್ಟಿಲ ಮೇಲೆ.

"ನೀವು ಬಲ ಅಂದ್ರಿ. ನಾನು ಕೇಳಿಸ್ಕೊಂಡೆ."

"ನಿಮ್ ಕಾಲಿಗೂ ಗೊತ್ತಾಯ್ತಾ?" ಎಂದು ಅವರು ಮರುಪ್ರಶ್ನೆ ಹಾಕಿದರು. ಆಯಿತೆಂದೆ. ಅವರ ಮುಖ ಅರಳಿತು. "ನೋಡಿದ್ರಾ. ಹೆಬ್ಬೆಟ್ಟಿನ ಬುಡ."

"ಸುಳ್ಳು ಯಾಕೆ ಹೇಳಿದ್ರಿ ಅಂತ ಕೇಳ್ತಿದೀನಿ."

"ಕೋರ್ಟಲ್ಲಿ ಇಪ್ಪತ್ತೆಂಟು ವರ್ಷದಿಂದ ಬೇರೇರ ಸುಳ್ಳು ಕೇಳ್ತಾ ಇವ್ನಿ ಸಾರ್. ಒಂದ್ಸಲ ನಾನೂ ಹೇಳ್ಬಾರ್ದಾ?" ಎಂದು ನಕ್ಕರು. ಆಮೇಲೆ ಹೇಳಿದರು: "ಹಾರುದ್ಲು ಅಂತ ಬರುದ್ಬುಟ್ರೆ ಆ ಯಮ್ಮನ್ ಮೇಲೆ ಅದು ಕೂತ್ಕೊಂಡ್ಬುಡ್ತದೆ. ನಾನ್ ತಪ್ಪು ಕೂಗ್ದೆ ಅಂತ ಬರುದ್ರೆ ನನ್ನನ್ನೇನು ಡಿಸ್ಮಿಸ್ ಮಾಡ್ತಾರಾ? ಈ ಕೆಲ್ಸಕ್ಕೆ ಆರ್ಡರ್ರೇ ಇಲ್ವಲ್ಲ."

ಆದರೆ ಡಿಸ್ಮಿಸ್ ಆಯಿತು. ಅವರು ತಪ್ಪೊಪ್ಪಿಕೊಂಡ ಸುದ್ದಿ ಬೋಗಿಗೆಲ್ಲ ಹಬ್ಬಿ, ಮಾರನೆಯ ದಿನದಿಂದ ಜನ ತಾವೇ ತಲೆ ಹೊರಗೆ ಹಾಕಿ ನೋಡತೊಡಗಿದರು. ಅವರು ಎರಡು ದಿನ ಹೇಳಿದರು. ಮೂರನೆಯ ದಿನ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು, "ದಲಾಯತ್ರು ಎಡ ಅಂದ್ರೆ ಬಲಕ್ಕೆ ಇಳೀರಪ್ಪ" ಎಂದಳು. ಬೋಗಿಯೆಲ್ಲ ನಕ್ಕಿತು. ಅವರೂ ನಕ್ಕರು. ಆಮೇಲೆ ಹೇಳುವುದನ್ನು ನಿಲ್ಲಿಸಿದರು. ಚಪ್ಪಲಿ ಮಾತ್ರ ಕಳಚುತ್ತಿದ್ದರು. ಗಾಡಿ ಕವಲಿಗೆ ಬಂದಾಗ ಅವರ ತುಟಿ ಒಂದಿಷ್ಟು ಬಿಗಿಯುವುದು ನನಗೆ ಕಾಣುತ್ತಿತ್ತು. ಅವರ ಪರವಾಗಿ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಆ ಕಾಗದ ಸುಳ್ಳಾಗುತ್ತಿತ್ತು. ಅನ್ವರ್ ಸಾಬರೂ ಹೇಳಲಿಲ್ಲ. ನಾವಿಬ್ಬರೂ ಆ ದಿನಗಳಲ್ಲಿ ಒಬ್ಬರ ಮುಖ ಒಬ್ಬರು ನೋಡುವುದನ್ನು ಕಡಿಮೆ ಮಾಡಿದ್ದೆವು.

ನಾಲ್ಕು ತಿಂಗಳ ಮೇಲೆ ಪುಟ್ಟತಾಯಮ್ಮ ಕೋಲೂರಿಕೊಂಡು ಮತ್ತೆ ಗಾಡಿ ಹತ್ತಿದರು. ಅವರ ಕೆಲಸ ಉಳಿದಿತ್ತು. ನೇರವಾಗಿ ಬಾಗಿಲ ಬಳಿಗೆ ಬಂದು ದಲಾಯತರ ಪಕ್ಕ ನಿಂತರು. ಅವರು ಇಳಿಯುವ ನಿಲ್ದಾಣ ಹತ್ತಿರವಾದಾಗ ಬೋಗಿಗೆಲ್ಲ ಕೇಳುವಂತೆ ಕೇಳಿದರು:

"ಅಣ್ಣೋ, ಯಾವ್ ಕಡೆ?"

ಯಾರೋ ಒಳಗಿನಿಂದ, "ಬುದ್ಧಿ ಬಂದಿಲ್ವಾ ನಿಂಗೆ, ನೋಡ್ಕೊಂಡು ಇಳಿಯವ್ವ" ಎಂದರು.

"ನಾನ್ ನಿನ್ ಕೇಳ್ನಿಲ್ಲ ಕಣಪ್ಪ" ಎಂದು ಪುಟ್ಟತಾಯಮ್ಮ ಅತ್ತ ತಿರುಗದೆಯೇ ಹೇಳಿ, ಮತ್ತೆ ಕೇಳಿದರು. "ಯಾವ್ ಕಡೆ ಅಣ್ಣ?"

"ಎಡ" ಎಂದರು ಅವರು. ಆ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಪುಟ್ಟತಾಯಮ್ಮ ಹೊರಗೆ ನೋಡದೆ ಎಡಬಾಗಿಲಿಗೆ ಹೋಗಿ ನಿಂತರು. ಗಾಡಿ ನಿಂತಿತು, ಇಳಿದರು.

ದಲಾಯತರು ನಿವೃತ್ತರಾಗುವವರೆಗೆ, ಅಂದರೆ ಇನ್ನೂ ಎರಡು ವರ್ಷ, ಅದು ದಿನಾ ನಡೆಯಿತು. ಒಬ್ಬರು ಕೇಳುವುದು, ಒಬ್ಬರು ಹೇಳುವುದು. ಬೇರೆ ಯಾವ ನಿಲ್ದಾಣಕ್ಕೂ ಅವರು ಬಾಯಿ ತೆರೆಯಲಿಲ್ಲ.

ಹೋದ ತಿಂಗಳು ಅವರ ಹನ್ನೊಂದನೆಯ ದಿನಕ್ಕೆ ಹೋಗಿದ್ದೆ. ಹಳೆಯ ಗಾಡಿಯವರು ಆರೇಳು ಮಂದಿ ಬಂದಿದ್ದರು. ಎಲೆಯ ಮುಂದೆ ಕೂತು ಒಬ್ಬರು ಪ್ರೀತಿಯಿಂದಲೇ, "ಜೀವಮಾನದಲ್ಲಿ ಒಂದೇ ಸಲ ಕಣ್ರೀ ಅವರು ತಪ್ಪಿದ್ದು" ಎಂದರು. ಬಡಿಸುತ್ತಿದ್ದ ಅವರ ಮಗಳು ಅದನ್ನು ಕೇಳಿಸಿಕೊಂಡಳು. ನಾನು ಕೈ ತೊಳೆಯುವಾಗ ಹಿತ್ತಲಿಗೆ ಬಂದಳು.

"ಅಂಕಲ್, ಅಪ್ಪ ನಿಜವಾಗ್ಲೂ ತಪ್ಪು ಹೇಳಿದ್ರಾ? ನಾನು ಕೇಳಿದಾಗೆಲ್ಲ ಮಾತು ಬದಲಾಯಿಸ್ತಿದ್ರು."

ಇಲ್ಲವೆಂದೆ. ನಿಂತ ಜಾಗ, ಹೊತ್ತು, ಹೇಳಿದ ಶಬ್ದ ಎಲ್ಲವನ್ನೂ ಹೇಳಿದೆ. ನಾನು ಸಹಿ ಹಾಕಿದ್ದನ್ನೂ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ, "ಇದನ್ನ ನೀವೊಬ್ರೇ ಹೇಳಿದ್ರೆ ಯಾರು ನಂಬ್ತಾರೆ?" ಎಂದಳು. ಕೋರ್ಟಿನವರ ಮಗಳು.

ಮಾರನೆಯ ದಿನ ಕುಂಬಾರಕೊಪ್ಪಲಿಗೆ ಹೋಗಿ ಪುಟ್ಟತಾಯಮ್ಮನನ್ನು ಕಂಡೆ. ಅವರೀಗ ಕೆಲಸ ಬಿಟ್ಟಿದ್ದಾರೆ, ಯಾವ ಕಾಗದದಿಂದಲೂ ಅವರಿಗೆ ಈಗ ಹಾನಿಯಿಲ್ಲ. ಬರೆಯಲೇ ಎಂದು ಕೇಳಿದೆ. "ಬರೀರಿ" ಎಂದರು. "ಅಣ್ಣ ಬಲ ಅಂದ. ಕಿವಿಗೆ ಕೇಳ್ತು. ಹತ್ತು ವರ್ಷ ಎಡಕ್ಕೆ ಇಳುದ್ ಕಾಲು, ತಾನೇ ಓಯ್ತು. ನಾನು ಹಾರ್ನಿಲ್ಲ, ಅವನು ತಪ್ಪು ಹೇಳ್ನಿಲ್ಲ. ಎಲ್ಡೂ ಬರೀರಿ."

ಮಂಡಿ ಮೊಹಲ್ಲಾಕ್ಕೂ ಹೋಗಿ ಬಂದೆ. ದಲಾಯತರು ಆ ಶಬ್ದ ಹೇಳಿದಾಗ ಬಾಗಿಲ ಬಳಿ ಇದ್ದು ಕಿವಿಯಾರೆ ಕೇಳಿದವರಲ್ಲಿ, ನನ್ನನ್ನು ಬಿಟ್ಟರೆ, ಇಬ್ಬರು ಇದ್ದಾರೆ. ಮಂಡಿ ಮೊಹಲ್ಲಾದ ಗಡಿಯಾರದ ಅನ್ವರ್ ಸಾಬರು. ಈಗ ಅವರ ಕಿವಿ ಮಂದ, ಅಂದು ಮಂದವಿರಲಿಲ್ಲ. ಕುಂಬಾರಕೊಪ್ಪಲಿನ ಪುಟ್ಟತಾಯಮ್ಮ. ಇಬ್ಬರೂ ಕೇಳಿದವರಿಗೆ ಹೇಳಲು ಒಪ್ಪಿದ್ದಾರೆ.